ಗಣಿತಜ್ಞ ಮಹಾವೀರಾಚಾರ್ಯ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟದ ಮನೆಗಳಲ್ಲಿ ಅಡಕೆ ಸುಲಿಯುವ ರಾತ್ರಿಗಳು ಬಂದವೆಂದರೆ, ಕೈಗೆ ಕೆಲಸವಿರುವಂತೆ ಬಾಯಿಗೆ ಕಥೆಯೂ ಒಗಟೂ ಬೇಕು. ಒಬ್ಬನು ತೊಡಕಿನ ಲೆಕ್ಕವನ್ನೊಡ್ಡುವನು. ಮಿಕ್ಕವರು ಬೆರಳೆಣಿಸುತ್ತ ತಲೆ ಕೆರೆದುಕೊಳ್ಳುವರು. ಇದು ಬರಿಯ ಹೊತ್ತುಗಳೆಯುವ ಆಟವೆಂದು ಬಗೆಯುವವರು, ಈ ವಿನೋದಕ್ಕೆ ಕನ್ನಡನಾಡಿನಲ್ಲಿ 1,100 ವರ್ಷಗಳಿಗೂ ಮಿಗಿಲಾದ ಮನೆತನವುಂಟೆಂಬುದನ್ನು ಮರೆತಿರುವರು. ಆ ಮನೆತನದ ಹಿರಿಯನೇ ಮಹಾವೀರಾಚಾರ್ಯನು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಸುಮಾರು 814 ರಿಂದ 878 ರವರೆಗೆ ಮಾನ್ಯಖೇಟದಲ್ಲಿ ಆಳಿದನು. ಕನ್ನಡಕ್ಕೆ ಕವಿರಾಜಮಾರ್ಗವನ್ನು ಕೊಟ್ಟ ಆ ಕಾಲವೇ ಗಣಿತಕ್ಕೆ ಗಣಿತಸಾರಸಂಗ್ರಹವನ್ನೂ ಕೊಟ್ಟಿತು. ಜೈನನಾದ ಆಚಾರ್ಯನು ಸುಮಾರು 850 ರಲ್ಲಿ ಇದನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿ, ಆದಿಯಲ್ಲಿ ಆ ದೊರೆಯನ್ನು ಸ್ತುತಿಸಿರುವನು. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷದ ಅಂಗವಾಗಿ ಬರೆದಿದ್ದರು. ಇವನಾದರೋ ಗಣಿತಕ್ಕೇ ಬೇರೊಂದು ಗ್ರಂಥವನ್ನು ಮೀಸಲಿಟ್ಟು, ಪಾಕ, ವೈದ್ಯ, ಸಂಗೀತ, ವಾಸ್ತು, ಛಂದಸ್ಸುಗಳೆಲ್ಲಕ್ಕೂ ಎಣಿಕೆಯೇ ಆಧಾರವೆಂದು ಸಾರಿದನು.

ಅವನ ಲೆಕ್ಕಗಳು ಜೀವನದಿಂದಲೇ ಆಯ್ದುವು. ಮೂವರು ವರ್ತಕರು ದಾರಿಯಲ್ಲಿ ಬಿದ್ದ ಹಣದ ಚೀಲವೊಂದನ್ನು ಕಂಡರು. ಅದು ತನ್ನದಾದರೆ ತನ್ನ ಹಣವು ಮಿಕ್ಕಿಬ್ಬರ ಒಟ್ಟು ಹಣದ ಎರಡರಷ್ಟಾಗುವುದೆಂದು ಮೊದಲನೆಯವನೂ, ಮೂರರಷ್ಟಾಗುವುದೆಂದು ಎರಡನೆಯವನೂ, ಐದರಷ್ಟಾಗುವುದೆಂದು ಮೂರನೆಯವನೂ ಹೇಳಿದರು. ಚೀಲದಲ್ಲಿ 15, ವರ್ತಕರಲ್ಲಿ ಕ್ರಮವಾಗಿ 1, 3, 5 ಎಂದಿಟ್ಟು ನೋಡಿದರೆ ಮೂವರ ಮಾತೂ ಸರಿಹೋಗುವುದು. 139 ನ್ನು 109 ರಿಂದ ಗುಣಿಸಿದರೆ 15151. 12345679 ನ್ನು 9 ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಕಾಣುವ ಇಂತಹ ಗುಣಲಬ್ಧಗಳನ್ನು ಅವನು ಕೊರಳ ಹಾರಗಳಿಗೆ ಹೋಲಿಸಿದನು.

ವಿನೋದದ ಹಿಂದೆ ಆಳವಾದ ಶಾಸ್ತ್ರವಿದ್ದಿತು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟು, ಷಡ್ರಸಗಳ ಉದಾಹರಣೆಯಿಂದ ಅದನ್ನು ವಿವರಿಸಿದನು. ಆರು ರಸಗಳನ್ನು ಒಂಟಿಯಾಗಿಯೂ ಬೆರಸಿಯೂ ಎಣಿಸಿದರೆ 63 ಬಗೆಗಳಾಗುವುವು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದನು. ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಮಾರ್ಪಡದೆ ಉಳಿವುದೆಂದು ಬರೆದುದು ಮಾತ್ರ ತಪ್ಪು. ಮುನ್ನೂರು ವರ್ಷಗಳ ಮೇಲೆ ಭಾಸ್ಕರಾಚಾರ್ಯನು ಅಂತಹ ರಾಶಿಯನ್ನು ಅನಂತವೆಂದು ನಿರೂಪಿಸಿದನು. ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪನ್ನು ಮುಚ್ಚುವುದಲ್ಲ; ಅಲ್ಲಿಂದ ಮುಂದಕ್ಕೆ ನಡೆಯುವುದು.

11 ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 12 ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದು ಈ ವಿದ್ಯೆಗೆ ಕನ್ನಡದ ಮಾತನ್ನು ಕೊಟ್ಟನು. ಬಳಿಕ ಮೂಲಗ್ರಂಥವು ತಾಳೆಗರಿಗಳ ಕಟ್ಟುಗಳಲ್ಲಿ ಬಹುಕಾಲ ಅಡಗಿತು. 1912 ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಆಂಗ್ಲ ಅನುವಾದದೊಡನೆ ಅಚ್ಚಿಗೆ ತಂದ ಮೇಲೆ ಹೊರನಾಡಿನ ಪಂಡಿತರೂ ಬೆರಗಾದರು.

ಹೊಸನಗರ ಸೀಮೆಯ ಹೊಂಬುಜದಲ್ಲಿ ಸಾಂತರ ಅರಸರು ಎತ್ತಿಸಿದ ಬಸದಿಗಳನ್ನು ನೋಡಿ ನಾವು ಹೆಮ್ಮೆಪಡುತ್ತೇವೆ. ಕಲ್ಲಿನ ಕೀರ್ತಿಯಂತೆ ಎಣಿಕೆಯ ಕೀರ್ತಿಯೂ ನಮ್ಮದೇ. ಆದರೆ ಕಲ್ಲು ತಾನಾಗಿ ನಿಲ್ಲುವುದು. ವಿದ್ಯೆಯು ಬಾಯಿಂದ ಬಾಯಿಗೆ ಹರಿಯದಿದ್ದರೆ ಬತ್ತುವುದು. ನಮ್ಮ ಮಕ್ಕಳಲ್ಲಿ ಅನೇಕರು ಲೆಕ್ಕವೆಂದರೆ ಪರೀಕ್ಷೆಯ ಭಯವೆಂದೇ ತಿಳಿದು ಬೆಳೆಯುತ್ತಿರುವರು. ಭಾಗಾಕಾರಕ್ಕೆ ಅಂಜುವ ಹುಡುಗನೂ ಚೀಲದ ಒಗಟನ್ನು ಬಿಡಿಸದೆ ಮಲಗಲೊಲ್ಲನು. ತಂದೆಗಳೂ ಉಪಾಧ್ಯಾಯರೂ ದಿನಕ್ಕೊಂದು ಒಗಟನ್ನು ಮಕ್ಕಳ ಮುಂದಿಟ್ಟರೆ ಸಾಕು. ಇದಕ್ಕೆ ಸರಕಾರದ ಅಪ್ಪಣೆಯೂ ಬೇಡ, ಹಣವೂ ಬೇಡ. ಆಚಾರ್ಯನಿಗೆ ಸಲ್ಲಿಸಬೇಕಾದ ಋಣವು ಅಷ್ಟರಿಂದಲೇ ತೀರತೊಡಗುವುದು.