ಸಂಬಳವಿಲ್ಲದ ಪ್ರಾಧ್ಯಾಪಕ, ಬೆಲೆ ಕಟ್ಟಲಾಗದ ಸೂತ್ರ: ವಿಜ್ಞಾನಿ ಗಿಬ್ಸ್ ಬದುಕಿನ ಕಥೆ

ಒಂದು ಲೋಟ ನೀರಿಗೆ ಹಿಡಿಯಷ್ಟು ಯೂರಿಯಾ ಹಾಕಿ ಕಲಕಿದರೆ ಲೋಟ ತಣ್ಣಗಾಗುತ್ತದೆ. ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತ ಯೂರಿಯಾ ತಾನಾಗಿಯೇ ಕರಗುತ್ತದೆ. ರೈತರಿಗೆ ಚಿರಪರಿಚಿತವಾದ ಇಂತಹ ಸಂಗತಿ ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಕ್ಕೆ ಕಗ್ಗಂಟಾಗಿತ್ತು. ಶಾಖ ಹೊರಹೊಮ್ಮಿಸುವ ಕ್ರಿಯೆಗಳೇ ತಾವಾಗಿ ನಡೆಯುತ್ತವೆ ಎಂಬುದು ಡೆನ್ಮಾರ್ಕಿನ ಥಾಮ್ಸನ್, ಫ್ರಾನ್ಸಿನ ಬರ್ತಲೋ ಮುಂತಾದ ಘಟಾನುಘಟಿಗಳ ನಂಬಿಕೆಯಾಗಿತ್ತು. ಆ ಗಂಟನ್ನು ಬಿಡಿಸಿದ ಪ್ರಮುಖರಲ್ಲಿ ಒಬ್ಬರು ಅಮೆರಿಕದ ಜೋಸಯ್ಯ ವಿಲ್ಲರ್ಡ್ ಗಿಬ್ಸ್. ವಿಪರ್ಯಾಸವೆಂದರೆ, ಆ ಮಹತ್ಕಾರ್ಯ ನಡೆಸಿದ ವರ್ಷಗಳಲ್ಲಿ ಅವರಿಗೆ ವಿಶ್ವವಿದ್ಯಾಲಯದಿಂದ ಬಿಡಿಗಾಸಿನ ಸಂಬಳವೂ ಇರಲಿಲ್ಲ.

ಗಿಬ್ಸ್ ಜನಿಸಿದ್ದು 1839ರ ಫೆಬ್ರುವರಿ 11ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣದಲ್ಲಿ. ತಂದೆ ಯೇಲ್‌ನಲ್ಲಿ ಧಾರ್ಮಿಕ ಸಾಹಿತ್ಯದ ಪ್ರಾಧ್ಯಾಪಕರು. ಮಗನೂ ಹದಿನೈದನೆಯ ವಯಸ್ಸಿನಲ್ಲಿ ಅದೇ ಕಾಲೇಜಿನ ಮೆಟ್ಟಿಲೇರಿದರು. ವಿದ್ಯಾರ್ಥಿಯಾಗಿದ್ದಾಗ ತಾಯಿ, 1861ರಲ್ಲಿ ತಂದೆ ತೀರಿಕೊಂಡರು. ಗಿಯರ್ ಚಕ್ರದ ಹಲ್ಲುಗಳ ಆಕಾರ ಕುರಿತು ಬರೆದ ಪ್ರಬಂಧಕ್ಕೆ 1863ರಲ್ಲಿ ಡಾಕ್ಟರೇಟ್ ದೊರೆಯಿತು; ಅಮೆರಿಕದಲ್ಲಿ ಎಂಜಿನಿಯರಿಂಗ್ ವಿಷಯಕ್ಕೆ ಸಂದ ಮೊದಲ ಡಾಕ್ಟರೇಟ್ ಅದು. 1866ರಿಂದ ಮೂರು ವರ್ಷ ಪ್ಯಾರಿಸ್, ಬರ್ಲಿನ್ ಹಾಗೂ ಹೈಡೆಲ್‌ಬರ್ಗ್‌ಗಳಲ್ಲಿ ಅಧ್ಯಯನ ನಡೆಸಿ ಹುಟ್ಟೂರಿಗೆ ಮರಳಿದರು.

1871ರಲ್ಲಿ ಯೇಲ್ ಅವರನ್ನು ಗಣಿತೀಯ ಭೌತಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಹುದ್ದೆ ಘನವಾದುದು, ಆದರೆ ವೇತನ ಶೂನ್ಯ. ಒಂಬತ್ತು ವರ್ಷ ಗಿಬ್ಸ್ ಹೆತ್ತವರು ಬಿಟ್ಟುಹೋದ ಆಸ್ತಿಯ ಆದಾಯದಲ್ಲೇ ಬದುಕಿದರು. ಅವಿವಾಹಿತರಾಗಿದ್ದ ಅವರಿಗೆ ಸಹೋದರಿ ಹಾಗೂ ಭಾವನ ಕುಟುಂಬವೇ ಆಸರೆ, ತಂದೆ ಕಟ್ಟಿಸಿದ ಮನೆಯೇ ನೆಲೆ.

ಆ ಮನೆಯಲ್ಲಿ ಕುಳಿತೇ ಅವರು ರಸಾಯನಶಾಸ್ತ್ರದ ದಿಕ್ಕು ಬದಲಿಸಿದರು. ಒಂದು ಕ್ರಿಯೆ ತಾನಾಗಿ ನಡೆಯುವುದೋ ಇಲ್ಲವೋ ಎಂಬುದನ್ನು ಶಾಖವೊಂದೇ ನಿರ್ಧರಿಸಲಾರದು. ಜರ್ಮನಿಯ ಕ್ಲಾಸಿಯಸ್ 1865ರಲ್ಲಿ ಹೆಸರಿಟ್ಟ ಎಂಟ್ರೊಪಿಯನ್ನೂ, ಅಂದರೆ ಶಕ್ತಿ ಹಾಗೂ ಕಣಗಳು ಚದುರಿಹೋಗುವ ಪ್ರಮಾಣವನ್ನೂ, ಲೆಕ್ಕಕ್ಕೆ ಹಿಡಿಯಬೇಕು. ಶಾಖದ ಬದಲಾವಣೆಯಿಂದ, ಉಷ್ಣತೆ ಮತ್ತು ಎಂಟ್ರೊಪಿಯ ಬದಲಾವಣೆ ಇವೆರಡರ ಗುಣಲಬ್ಧವನ್ನು ಕಳೆದರೆ ಉಳಿಯುವುದೇ ಮುಕ್ತ ಶಕ್ತಿಯ ಬದಲಾವಣೆ. ಸ್ಥಿರ ಉಷ್ಣತೆ, ಸ್ಥಿರ ಒತ್ತಡದಲ್ಲಿ ಅದು ಇಳಿಮುಖವಾದರೆ ಕ್ರಿಯೆ ಮುನ್ನಡೆಯಬಲ್ಲದು. ಶೂನ್ಯವಾದರೆ ಅದು ಸಮತೋಲ.

ಮಂಜುಗಡ್ಡೆಯನ್ನೇ ನೋಡಬಹುದು. 18 ಗ್ರಾಂ ಮಂಜು ಕರಗಲು ಸುಮಾರು 6,000 ಜೂಲ್ ಶಾಖ ಬೇಕು. ಆಗ ಎಂಟ್ರೊಪಿ ಪ್ರತಿ ಕೆಲ್ವಿನ್‌ಗೆ ಸುಮಾರು 22 ಜೂಲ್‌ನಷ್ಟು ಏರುತ್ತದೆ. ಇದನ್ನು 273 ಕೆಲ್ವಿನ್‌ನಿಂದ, ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಿಂದ, ಗುಣಿಸಿದರೆ ಬರುವುದೂ ಹೆಚ್ಚುಕಡಿಮೆ 6,000. ತಕ್ಕಡಿ ಸರಿಸಮ. ಉಷ್ಣತೆ ಕೊಂಚ ಏರಿದರೂ ಎಂಟ್ರೊಪಿಯ ತಟ್ಟೆ ತೂಗಿ ಮಂಜು ಕರಗುತ್ತದೆ. ತಣ್ಣೀರಾಗುವ ಯೂರಿಯಾ ದ್ರಾವಣದ ಗುಟ್ಟೂ ಇದೇ. ಆದರೆ ಈ ಸೂತ್ರ ಕ್ರಿಯೆಯ ದಿಕ್ಕನ್ನು ಹೇಳುತ್ತದೆಯೇ ಹೊರತು ವೇಗವನ್ನಲ್ಲ. ಸಾಮಾನ್ಯ ಸ್ಥಿತಿಯಲ್ಲಿ ವಜ್ರ ಗ್ರಾಫೈಟ್ ಆಗುವುದೂ ಮುಕ್ತ ಶಕ್ತಿಯ ಇಳಿಜಾರಿನ ಹಾದಿಯೇ; ಆದರೂ ಉಂಗುರದ ವಜ್ರಕ್ಕೆ ಧಕ್ಕೆಯಿಲ್ಲ.

ಮುನ್ನೂರು ಪುಟ ಮೀರಿದ ಈ ಪ್ರಬಂಧ 1876 ಮತ್ತು 1878ರಲ್ಲಿ ಕನೆಕ್ಟಿಕಟ್ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ರಿಕೆಯ ಓದುಗರು ವಿರಳ, ಬರಹವೋ ಕಬ್ಬಿಣದ ಕಡಲೆ. ಗಿಬ್ಸ್ ಬೆಲೆಯನ್ನು ಬೇಗನೆ ಅರಿತವರು ಬ್ರಿಟನ್ನಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1873ರ ಬರಹಗಳನ್ನು ಓದಿ ಬೆರಗಾದ ಅವರು, ಗಿಬ್ಸ್ ವಿವರಿಸಿದ ಜ್ಯಾಮಿತೀಯ ಮೇಲ್ಮೈಯನ್ನು ಸ್ವತಃ ರೂಪಿಸಿ, ಅದರ ಪ್ಲಾಸ್ಟರ್ ಅಚ್ಚೊಂದನ್ನು ಗಿಬ್ಸ್‌ಗೆ ಕಳುಹಿಸಿದರು. ಆದರೆ ಮ್ಯಾಕ್ಸ್‌ವೆಲ್ 1879ರಲ್ಲಿ ಅಕಾಲ ಮರಣಕ್ಕೀಡಾದರು. ಗಿಬ್ಸ್ ಸಮರ್ಥ ವಕೀಲರೊಬ್ಬರನ್ನು ಕಳೆದುಕೊಂಡರು.

1880ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ವಾರ್ಷಿಕ 3,000 ಡಾಲರ್ ವೇತನದ ಆಹ್ವಾನ ನೀಡಿದಾಗ ಯೇಲ್ ಎಚ್ಚೆತ್ತು 2,000 ಡಾಲರ್ ಕೊಡಲು ಮುಂದಾಯಿತು. ಗಿಬ್ಸ್ ಕಡಿಮೆ ಸಂಬಳಕ್ಕೇ ಒಪ್ಪಿ ಹುಟ್ಟೂರಲ್ಲೇ ಉಳಿದರು. 1892ರಲ್ಲಿ ಓಸ್ಟ್‌ವಾಲ್ಡ್ ಜರ್ಮನ್ ಭಾಷೆಗೆ, 1899ರಲ್ಲಿ ಲ ಶಾಟೆಲಿಯೆ ಫ್ರೆಂಚ್ ಭಾಷೆಗೆ ಅವರ ಕೃತಿಯನ್ನು ತಂದರು. ಆಗ ಯುರೋಪ್ ಕಣ್ಣು ತೆರೆಯಿತು. ಬೇರೆ ವಿಜ್ಞಾನಿಗಳು ಶ್ರಮಪಟ್ಟು ಕಂಡುಕೊಂಡಿದ್ದೇವೆ ಎಂದುಕೊಂಡಿದ್ದ ಹಲವು ನಿಯಮಗಳು ಗಿಬ್ಸ್ ಪುಟಗಳಲ್ಲಿ ಆಗಲೇ ಇದ್ದವು.

1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ನೀಡಿ ಗೌರವಿಸಿತು. 1903ರ ಏಪ್ರಿಲ್ 28ರಂದು, ತಮ್ಮ 64ನೆಯ ವಯಸ್ಸಿನಲ್ಲಿ ಗಿಬ್ಸ್ ನಿಧನರಾದರು. ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬರಲಿಲ್ಲ. ಆದರೆ ಇಂದು ಪದವಿಪೂರ್ವ ತರಗತಿಯ ವಿದ್ಯಾರ್ಥಿ ಮುಕ್ತ ಶಕ್ತಿಗೆ ಬರೆಯುವ ‘ಜಿ’ ಎಂಬ ಸಂಕೇತ, ಒಂಬತ್ತು ವರ್ಷ ಸಂಬಳವಿಲ್ಲದೆ ದುಡಿದ ಆ ಮೇಷ್ಟ್ರ ಹೆಸರಿನ ಮೊದಲಕ್ಷರ.