ಗುರ್ಲಹೊಸೂರಿನ ಇನ್ನೊಬ್ಬ ಕಿರ್ಲೋಸ್ಕರ್

ಹೊಲದ ಬಾವಿಗೆ ಇಳಿಸಿದ ಪಂಪಿರಲಿ, ಲ್ಯಾಬಿನ ಮೂಲೆಯಲ್ಲಿರೋ ಡೀಸೆಲ್ ಇಂಜಿನ್ ಇರಲಿ, ಕಿರ್ಲೋಸ್ಕರ್ ಅನ್ನೋ ಹೆಸರು ನಮಗೆ ಹೊಸದಲ್ಲ. ಆ ಕಾರ್ಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ನೇಗಿಲು ಮಾಡಿ ಬೆಳೆದ ಅವರ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಅವರಿಗಿಂತ 26 ವರ್ಷ ಮೊದಲು ಅದೇ ಊರಲ್ಲಿ, ಅದೇ ಅಡ್ಡಹೆಸರಿನ ಇನ್ನೊಬ್ಬರು ಹುಟ್ಟಿದ್ದರು. ಅವರು ಕಟ್ಟಿದ್ದು ಯಂತ್ರವನ್ನಲ್ಲ, ನಾಟಕವನ್ನ. ಹೆಸರು ಬಲವಂತ ಪಾಂಡುರಂಗ ಕಿರ್ಲೋಸ್ಕರ್. ಜನ ಕರೆದದ್ದು ಅಣ್ಣಾಸಾಹೇಬ ಅಂತ.

ಹುಟ್ಟಿದ ದಿನ 31 ಮಾರ್ಚ್ 1843. ಅದೇ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿಯಲ್ಲಿ ಸೀತಾಸ್ವಯಂವರ ನಾಟಕ ಆಡಿಸಿದರು. ಮರಾಠಿ ರಂಗಭೂಮಿಯ ಲೆಕ್ಕ ಶುರುವಾಗೋದೇ ಅಲ್ಲಿಂದ. ಭಾವೆಯವರಿಗೆ ಪ್ರೇರಣೆ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ಸಾಂಗ್ಲಿಗೆ ಬಂದು ಆಟ ಆಡಿದ್ದ ಉತ್ತರ ಕನ್ನಡದ ಭಾಗವತರ ಮೇಳದಿಂದ. ಅಂದರೆ ಮೊದಲ ಕಿಡಿ ಹೋಗಿದ್ದು ಕನ್ನಡ ನಾಡಿನಿಂದಲೇ.

ಅಣ್ಣಾಸಾಹೇಬರು ಓದಲಿಕ್ಕೆ ಪುಣೆಗೆ ಹೋದರು. ಪುಸ್ತಕಕ್ಕಿಂತ ನಾಟಕದ ಮಂಡಳಿಗಳ ಸಹವಾಸವೇ ಜಾಸ್ತಿ ಆಯ್ತು. ಊರೂರು ತಿರುಗೋ ಮಂಡಳಿಗಳಿಗೆ ಪದ ಬರೆದುಕೊಟ್ಟರು, ತಾವೇ ಒಂದು ಮಂಡಳಿ ಕಟ್ಟಿ ನೋಡಿದರು. ಅದು ನಿಲ್ಲಲಿಲ್ಲ. ಕೊನೆಗೆ ಬೆಳಗಾವಿಯಲ್ಲಿ ಮಾಸ್ತರಿಕೆ, ಆಮೇಲೆ ಸರಕಾರಿ ಕಚೇರಿಯ ನೌಕರಿ. 1873ರಲ್ಲಿ ಶಾಂಕರದಿಗ್ವಿಜಯ ಅನ್ನೋ ಗದ್ಯ ನಾಟಕ ಬರೆದರು. ಬೆಳಿಗ್ಗೆ ಕಚೇರಿ, ಸಂಜೆ ಕವಿತೆ ಅನ್ನೋ ಹಾಗೆ ವರ್ಷಗಳು ಕಳೆದವು. ಸಪ್ಲಿ ಕಟ್ಟಿಕೊಂಡೇ ಕ್ಲಬ್ಬಿನ ಕೆಲಸಕ್ಕೆ ಓಡೋ ನಮ್ಮವರಿಗೆ ಈ ಬದುಕು ಅಪರಿಚಿತ ಅಲ್ಲ ಬಿಡಿ.

1880ರಲ್ಲಿ ಪುಣೆಗೆ ಒಂದು ಪಾರ್ಸಿ ಕಂಪನಿ ಬಂತು. ಆಟ ಇಂದ್ರಸಭಾ. ಅಲ್ಲಿ ಪಾತ್ರಗಳು ತಮ್ಮ ಹಾಡನ್ನ ತಾವೇ ಹಾಡುತ್ತಿದ್ದವು. ಇದರಲ್ಲೇನು ವಿಶೇಷ ಅಂತ ಕೇಳಬಹುದು. ಭಾವೆಯವರ ಪದ್ಧತಿಯಲ್ಲಿ ಮೊದಲಿಂದ ಕೊನೆಯವರೆಗೆ ಹಾಡೋನು ಸೂತ್ರಧಾರ ಒಬ್ಬನೇ. ನಟರು ಕುಣಿದು, ಆ ಹೊತ್ತಿಗೆ ತೋಚಿದ ಮಾತಾಡಿ ಮುಗಿಸೋರು. ರಾಜನ ದುಃಖವನ್ನ ರಾಜನಲ್ಲದವನು ಹಾಡಬೇಕು. ಅಣ್ಣಾಸಾಹೇಬರು ಈ ವ್ಯವಸ್ಥೆಯನ್ನೇ ಬದಲಾಯಿಸಿದರು. ಮಾತು ಬರೆದೇ ಇರಬೇಕು, ಹಾಡು ಪಾತ್ರದ ಬಾಯಿಂದಲೇ ಬರಬೇಕು, ಕಥೆ ಮುಂದಕ್ಕೆ ಹೋಗೋ ಜಾಗದಲ್ಲೇ ಹಾಡು ಕೂರಬೇಕು.

ಕೈಗೆತ್ತಿಕೊಂಡದ್ದು ಕಾಳಿದಾಸನ ಶಾಕುಂತಲ. 31 ಅಕ್ಟೋಬರ್ 1880ರಂದು ಪುಣೆಯ ಆನಂದೋದ್ಭವ ಥಿಯೇಟರಿನಲ್ಲಿ ಮೊದಲ ನಾಲ್ಕು ಅಂಕಗಳು ರಂಗಕ್ಕೆ ಬಂದವು. ಏಳೂ ಅಂಕಗಳು ಸಿದ್ಧವಾಗಿದ್ದು ಮುಂದಿನ ವರ್ಷ. ಸುಮಾರು 200 ಹಾಡುಗಳು! ಮೊರೋಬಾ ವಾಘೋಲಿಕರ, ಬಾಳಕೋಬಾ ನಾಟೇಕರ ಅಂಥ ಹಾಡುನಟರು ಜೊತೆಗಿದ್ದರು. ಧಾಟಿಗಳು ಬಂದಿದ್ದು ಕೀರ್ತನೆಯಿಂದ, ಲಾವಣಿಯಿಂದ, ಜೊತೆಗೆ ಅವರು ಚಿಕ್ಕಂದಿನಿಂದ ಈ ಮಲಪ್ರಭೆಯ ದಂಡೆಯಲ್ಲಿ ಕೇಳಿ ಬೆಳೆದ ಕನ್ನಡ ಹಾಡುಗಳಿಂದ. ಪುಣೆಯ ಪ್ರೇಕ್ಷಕರು ಮರಾಠಿ ಹಾಡು ಅಂತ ತಲೆದೂಗಿದ್ದರಲ್ಲಿ ನಮ್ಮ ಕಡೆಯ ಮಟ್ಟುಗಳೂ ಇದ್ದವು.

ಎರಡು ವರ್ಷಕ್ಕೆ, 18 ನವೆಂಬರ್ 1882ರಂದು, ಸೌಭದ್ರ ಬಂತು. ಇದು ಅನುವಾದವಲ್ಲ, ಸ್ವಂತ ನಾಟಕ. ಸುಭದ್ರೆಯನ್ನ ದುರ್ಯೋಧನನಿಗೆ ಕೊಡಬೇಕು ಅಂತ ಹಟ ಹಿಡಿದ ಬಲರಾಮ, ಒಳಗೊಳಗೇ ಅರ್ಜುನನ ಪರ ಆಟ ಹೂಡೋ ಕೃಷ್ಣ. ಹೆಸರಿಗೆ ಪುರಾಣ, ಒಳಗೆ ನೋಡಿದರೆ ನಮ್ಮ ವಾಡೆಗಳಲ್ಲಿ ನಡೆಯೋ ಮದುವೆ ಮಾತುಕತೆ! ಆ ಹೊತ್ತಿಗೆ ಬಡೋದೆಯಿಂದ ಬಂದು ಸೇರಿದ್ದ ಭಾವುರಾವ್ ಕೋಲ್ಹಟಕರ ಸ್ತ್ರೀಪಾತ್ರದಲ್ಲಿ ಹಾಡಿ ಮನೆಮಾತಾದರು.

1884ರಲ್ಲಿ ರಾಮರಾಜ್ಯವಿಯೋಗ ಶುರುವಾಯಿತು. ಮೂರು ಅಂಕ ಆಡಿದರು. ಉಳಿದದ್ದು ಬರೆಯೋಕೆ ಆಗಲಿಲ್ಲ. 2 ನವೆಂಬರ್ 1885ರಂದು ಗುರ್ಲಹೊಸೂರಿನಲ್ಲೇ ತೀರಿಕೊಂಡರು. ವಯಸ್ಸು 42. ಶಾಕುಂತಲದ ಮೊದಲ ರಾತ್ರಿಯಿಂದ ಲೆಕ್ಕ ಹಾಕಿದರೆ ಸರಿಯಾಗಿ ಐದು ವರ್ಷ, ಎರಡು ದಿನ. ಹೆಚ್ಚುಕಡಿಮೆ ಒಂದು ಇಂಜಿನಿಯರಿಂಗ್ ಡಿಗ್ರಿಯಷ್ಟು ಕಾಲದಲ್ಲಿ ಒಂದು ರಂಗಭೂಮಿಯ ಸ್ವರೂಪ ಬದಲಾಗಿತ್ತು.

ಮಾಲೀಕ ಹೋದರೂ ಕಂಪನಿ ನಿಲ್ಲಲಿಲ್ಲ. 1905ರಲ್ಲಿ ಅದೇ ಕಿರ್ಲೋಸ್ಕರ ಮಂಡಳಿಗೆ ಒಬ್ಬ ಹುಡುಗ ಸೇರಿದ, ಮೊದಲು ಹಾಕಿದ್ದು ಶಕುಂತಲೆಯ ವೇಷ. ಅವನೇ ಬಾಲಗಂಧರ್ವ. ಈ ಮಂಡಳಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಬಂದಾಗ ನಮ್ಮವರೂ ಮುಗಿಬಿದ್ದು ನೋಡಿದರು. ಕೆಲವರಿಗೆ ಸಂತೋಷದ ಜೊತೆ ಸಂಕಟವೂ ಆಯ್ತು. ಕನ್ನಡದ ಊರಲ್ಲಿ ಮರಾಠಿ ಆಟಕ್ಕೇ ಯಾಕಿಷ್ಟು ಜನ? ಆ ಸಂಕಟದಲ್ಲೇ ಗದುಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲೇ ಕನ್ನಡ ಮಂಡಳಿ ಕಟ್ಟಿದ್ದರು. ಮುಂದೆ ಬಂದ ನಮ್ಮ ವೃತ್ತಿ ಕಂಪನಿಗಳು ಕಿರ್ಲೋಸ್ಕರ ಮಾದರಿಯ ಹಾಡನ್ನ ಕಲಿತವು, ಅದೇ ಮಟ್ಟಿಗೆ ಕನ್ನಡದ ಪದ ಕೂಡಿಸಿದವು. ಅದೇ ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಕನ್ನಡ ನಾಟಕ ಕಂಪನಿ ಕಟ್ಟಿ, ಬಸವಣ್ಣನ ಪಾತ್ರದಿಂದ ನಾಡಿಗೆಲ್ಲ ಗೊತ್ತಾದರು.

ಹಾಗಾದರೆ ಅಣ್ಣಾಸಾಹೇಬರು ಯಾರವರು? ಮರಾಠಿಯಲ್ಲಿ ಬರೆದರು, ಪುಣೆಯಲ್ಲಿ ಗೆದ್ದರು, ಅಲ್ಲಿಯವರು ಅವರನ್ನ ಮರೆತಿಲ್ಲ. ಮರೆತವರು ನಾವು. ಕನ್ನಡದ ಮೇಳ ಸಾಂಗ್ಲಿಗೆ ಹೋಗಿ ಮರಾಠಿ ನಾಟಕವಾಯಿತು, ಅದು ಗುರ್ಲಹೊಸೂರಿನವರ ಕೈಯಲ್ಲಿ ಸಂಗೀತ ನಾಟಕವಾಗಿ ಮತ್ತೆ ಕನ್ನಡದ ಕಂಪನಿಗಳಿಗೆ ಬಂತು. ಕೊಟ್ಟಿದ್ದು ಯಾರು, ತಗೊಂಡಿದ್ದು ಯಾರು ಅಂತ ಗೆರೆ ಎಳೆಯಹೋದರೆ ಕೈಯಲ್ಲಿ ಏನೂ ಉಳಿಯಲ್ಲ.

ಮುಂದಿನ ಸಲ ಎಲ್ಲಮ್ಮನ ಗುಡ್ಡಕ್ಕೆ ಹೋಗೋ ಬಸ್ಸಲ್ಲಿ ಕೂತಾಗ ಗುರ್ಲಹೊಸೂರು ಅನ್ನೋ ಬೋರ್ಡು ಕಂಡರೆ ಪಂಪಿನ ಜೊತೆಗೆ ಒಂದು ಹಾಡೂ ನೆನಪಾಗಲಿ.