ಬುಟ್ಟಿಚೆಂಡಾಟದ ಜನಕ ಜೇಮ್ಸ್ ನೈಸ್ಮಿತ್

ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಆಲ್ಮಾಂಟ್ ಎಂಬ ಸಣ್ಣ ಊರಿದೆ. ಅದರ ಸಮೀಪದಲ್ಲಿ 1861ನೆಯ ನವೆಂಬರ್ 6ರಂದು ಜೇಮ್ಸ್ ನೈಸ್ಮಿತ್ ಜನಿಸಿದರು. ಸ್ಕಾಟ್ಲೆಂಡಿನಿಂದ ವಲಸೆ ಬಂದ ಶ್ರಮಜೀವಿಗಳ ಮನೆತನ ಅವರದು. ಬಾಲಕನಿಗೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ ವಿಷಮಶೀತ ಜ್ವರವು ತಂದೆತಾಯಿಗಳಿಬ್ಬರನ್ನೂ ಬಲಿ ತೆಗೆದುಕೊಂಡಿತು. ಸೋದರಮಾವ ಪೀಟರ್ ಯಂಗ್ ಅನಾಥ ಮಕ್ಕಳ ಪೋಷಣೆಯ ಹೊಣೆ ಹೊತ್ತರು. ಹೊಲದ ಕೆಲಸ, ಮರ ಸಾಗಿಸುವ ಕೆಲಸಗಳಲ್ಲಿ ಮೈ ಗಟ್ಟಿಯಾಯಿತು. ಓದು ಮಾತ್ರ ಹಿಂದೆ ಬಿದ್ದಿತು. ಹದಿನೈದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಜೇಮ್ಸ್ ಕೆಲವು ವರ್ಷ ಕಾಡಿನಲ್ಲಿ ಮರ ಕಡಿಯುವ ಕೂಲಿಯಾಗಿ ದುಡಿದರು. ಆಮೇಲೆ ತಮಗಿಂತ ಕಿರಿಯರಾದ ಹುಡುಗರ ನಡುವೆ ಕುಳಿತು ಓದಲು ಹಿಂದಿರುಗಿದರು. ಬಿಟ್ಟ ಶಾಲೆಗೆ ಮರಳುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಮರಳಿದವರೇ ಬಲ್ಲರು.

ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಧರ್ಮೋಪದೇಶಕರಾಗುವ ಉದ್ದೇಶದಿಂದ ಅವರು ಮತಶಾಸ್ತ್ರದ ವ್ಯಾಸಂಗ ಕೈಗೊಂಡರು. ಆದರೆ ಆಟದ ಬಯಲು ಅವರನ್ನು ಬಿಡಲಿಲ್ಲ. ಆ ಕಾಲದ ದೈವಭಕ್ತರಲ್ಲಿ ಅನೇಕರು ಕ್ರೀಡೆಯನ್ನು ಸೈತಾನನ ಕೆಲಸವೆಂದೇ ಎಣಿಸಿದ್ದರು. ಶನಿವಾರದ ಪಂದ್ಯದಲ್ಲಿ ಪೆಟ್ಟು ತಿಂದು ಕಪ್ಪಗಾದ ಕಣ್ಣುಗಳನ್ನು ಹೊತ್ತು ಭಾನುವಾರ ಪ್ರವಚನ ಪೀಠವನ್ನು ಏರಿದ ಪ್ರಸಂಗವೂ ನೈಸ್ಮಿತರ ಪಾಲಿಗೆ ಬಂದಿತು. ಒಮ್ಮೆ ಆಟದ ಭರದಲ್ಲಿ ಜೊತೆಗಾರನೊಬ್ಬನು ಕೆಟ್ಟ ಮಾತನಾಡಿ, ಪಕ್ಕದಲ್ಲಿ ನೈಸ್ಮಿತರು ಇರುವುದನ್ನು ಕಂಡು ಕೂಡಲೇ ಕ್ಷಮೆ ಬೇಡಿದನು. ಅವರು ಅವನನ್ನು ಎಂದೂ ಗದರಿಸಿದವರಲ್ಲ. ಬೋಧನೆಯಿಂದ ಆಗದ ಕೆಲಸ ಮೈದಾನದ ಸಹವಾಸದಿಂದ ಆಗಬಹುದೆಂಬ ಅರಿವು ಅವರಲ್ಲಿ ಮೂಡಿತು. ಪಾದ್ರಿಯ ವೃತ್ತಿಯನ್ನು ಕೈಬಿಟ್ಟು, 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು. ಸೋದರಿಗೆ ಈ ನಿರ್ಧಾರ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.

1891ರ ಚಳಿಗಾಲ. ಹೊರಗೆ ಹಿಮ ಬಿದ್ದುದರಿಂದ ಬಯಲಾಟಗಳು ನಿಂತುಹೋಗಿದ್ದವು. ಒಳಾಂಗಣದ ಕವಾಯತು, ಸಾಮುಗಳಿಂದ ಬೇಸತ್ತ 18 ಮಂದಿ ವಿದ್ಯಾರ್ಥಿಗಳ ಒಂದು ತರಗತಿಯನ್ನು ಹಿಡಿದಿಡಲಾಗದೆ ಇಬ್ಬರು ಶಿಕ್ಷಕರು ಈಗಾಗಲೇ ಸೋತಿದ್ದರು. ಮುಖ್ಯಸ್ಥರಾದ ಲೂಥರ್ ಗ್ಯೂಲಿಕ್ ಅವರು ಆ ತರಗತಿಯನ್ನು ನೈಸ್ಮಿತರಿಗೆ ಒಪ್ಪಿಸಿ, ಹೊಸ ಆಟವೊಂದನ್ನು ಕಂಡುಹಿಡಿಯಲು 14 ದಿನಗಳ ಅವಧಿ ಕೊಟ್ಟರು. ಪರಿಚಿತವಾದ ಬಯಲಾಟಗಳನ್ನೇ ಒಳಗೆ ಆಡಿಸಿ ನೋಡಿದ್ದಾಯಿತು. ಯಾವುದೂ ಫಲಿಸಲಿಲ್ಲ.

ಅವಧಿ ಮುಗಿಯುತ್ತ ಬಂದಾಗ ನೈಸ್ಮಿತರು ಆಟಗಳ ಹಿಂದಿನ ಕಾರಣಗಳನ್ನು ಶೋಧಿಸಲು ತೊಡಗಿದರು. ಆಟಗಾರರಿಗೆ ಪೆಟ್ಟಾಗುವುದು ಏಕೆ? ಚೆಂಡನ್ನು ಹಿಡಿದು ಓಡುವವನನ್ನು ಕೆಡವಬೇಕಾಗುವುದರಿಂದ. ಹಾಗಾದರೆ ಚೆಂಡು ಹಿಡಿದವನು ಓಡಲೇಬಾರದು. ಗುರಿಯತ್ತ ಚೆಂಡನ್ನು ಬಿರುಸಾಗಿ ಹೊಡೆಯುವುದು ಏಕೆ? ಗುರಿ ನೆಟ್ಟಗೆ ಎದುರಿಗೆ ನಿಂತಿರುವುದರಿಂದ. ಈ ಹಂತದಲ್ಲಿ ಅವರಿಗೆ ಬಾಲ್ಯದ ಒಂದು ಕಲ್ಲಾಟ ನೆನಪಾಯಿತು. ಶಿಗ್ಗಾಂವಿಯ ಓಣಿಗಳಲ್ಲಿ ಮಕ್ಕಳು ಆಡುವ ಲಗೋರಿಯನ್ನು ತುಸು ಹೋಲುವ ಆಟವದು. ಬಂಡೆಯ ಮೇಲಿಟ್ಟ ಕಲ್ಲನ್ನು ದೂರದಿಂದ ಇನ್ನೊಂದು ಕಲ್ಲೆಸೆದು ಕೆಡವಬೇಕು. ರಭಸದಿಂದ ಎಸೆದವನ ಕಲ್ಲು ದೂರ ಹಾರಿಹೋಗುತ್ತಿತ್ತು. ಕಮಾನಿನಂತೆ ಮೆಲ್ಲನೆ ಎಸೆದವನಿಗೇ ಲಾಭವಾಗುತ್ತಿತ್ತು. ಗುರಿಯನ್ನು ತಲೆಯ ಮೇಲೆ, ಬಾಯಿ ಆಕಾಶಕ್ಕೆ ತೆರೆದಂತೆ ಇಟ್ಟರೆ ಬಲಕ್ಕಿಂತ ನಯವೇ ಗೆಲ್ಲುವುದೆಂದು ಅವರು ತರ್ಕಿಸಿದರು.

ನೈಸ್ಮಿತರು ಶಾಲೆಯ ಜವಾನನನ್ನು ಎರಡು ಪೆಟ್ಟಿಗೆಗಳಿಗಾಗಿ ಕೇಳಿದರು. ಅವನಲ್ಲಿದ್ದುದು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳು ಮಾತ್ರ. ಅವನ್ನೇ ಮಹಡಿಯ ಕಟಾಂಜನಕ್ಕೆ ಮೊಳೆ ಹೊಡೆದು ಕೂರಿಸಲಾಯಿತು. ಆ ಕಟಾಂಜನ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಜಗತ್ತಿನ ಬಾಸ್ಕೆಟ್‌ಬಾಲ್ ಅಂಕಣಗಳಲ್ಲಿ ಇಂದಿಗೂ ಉಳಿದಿರುವುದು ಅದೇ ಅಳತೆ. 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ, ಡಿಸೆಂಬರ್ ತಿಂಗಳ ಒಂದು ದಿನ ಕಡೆಗೆ ಒಂಬತ್ತು ಮಂದಿಯಂತೆ ಆಡಿಸಿದರು. ಇಡೀ ಪಂದ್ಯದಲ್ಲಿ ಒಂದೇ ಒಂದು ಸಲ ಚೆಂಡು ಬುಟ್ಟಿಗೆ ಬಿದ್ದಿತು. ವಿದ್ಯಾರ್ಥಿಯೊಬ್ಬನು ಆಟಕ್ಕೆ ಗುರುಗಳ ಹೆಸರನ್ನೇ ಇಡೋಣವೆಂದಾಗ ಅವರು ನಕ್ಕು ಆ ಸಲಹೆಯನ್ನು ತಳ್ಳಿಹಾಕಿದರು. ಬುಟ್ಟಿ ಮತ್ತು ಚೆಂಡು ಸೇರಿ ಆಟದ ಹೆಸರಾಯಿತು.

ಕೆಲವೇ ದಿನಗಳಲ್ಲಿ ಹತ್ತಿರದ ಶಾಲೆಯ ಅಧ್ಯಾಪಕಿಯರು ಸದ್ದು ಕೇಳಿ ಬಾಗಿಲಲ್ಲಿ ನಿಂತು ನೋಡಿದರು. ತಾವೂ ಆಡಬಹುದೇ ಎಂದು ಅವರು ವಿಚಾರಿಸಲು, ನೈಸ್ಮಿತರು ಮರುಯೋಚನೆಯಿಲ್ಲದೆ ಒಪ್ಪಿದರು. ಮೊದಲ ಆಟಗಾರ್ತಿಯರಲ್ಲಿ ಒಬ್ಬರಾದ ಮಾಡ್ ಶೆರ್ಮನ್ 1894ರಲ್ಲಿ ಅವರ ಪತ್ನಿಯಾದರು. ಸಮೀಪದ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ 1893ರಲ್ಲಿ ತಮ್ಮ ವಿದ್ಯಾರ್ಥಿನಿಯರ ನಡುವೆ ಪಂದ್ಯವನ್ನು ಏರ್ಪಡಿಸಿದರು. 1896ರ ಏಪ್ರಿಲ್‌ನಲ್ಲಿ ಸ್ಟಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರು ಎದುರಾದರು. ಸ್ಟಾನ್‌ಫರ್ಡ್ 2–1ರಿಂದ ಗೆದ್ದಿತು. ಪುರುಷರಿಗೆ ಅಲ್ಲಿ ಪ್ರವೇಶವಿರಲಿಲ್ಲ.

ನೈಸ್ಮಿತರು 1898ರಲ್ಲಿ ವೈದ್ಯಪದವಿಯನ್ನೂ ಪಡೆದು ಕ್ಯಾನ್ಸಸ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಯ ತಂಡಕ್ಕೆ ಅವರೇ ಮೊದಲ ತರಬೇತುದಾರರು. 55 ಪಂದ್ಯಗಳಲ್ಲಿ ಗೆಲುವು, 60ರಲ್ಲಿ ಸೋಲು! ಆ ಪುರುಷರ ತಂಡದ ಇತಿಹಾಸದಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡ ತರಬೇತುದಾರರೆಂದರೆ ಆಟವನ್ನು ಸೃಷ್ಟಿಸಿದ ಇವರೊಬ್ಬರೇ. ಅವರಿಗೆ ಅದರಿಂದ ಬೇಸರವಾಗಲಿಲ್ಲ. ಆಟದಿಂದ ಹಣ ಗಳಿಸುವ ಹಂಬಲವೂ ಅವರಿಗಿರಲಿಲ್ಲ.

ಅವರ ಶಾಲೆಯಲ್ಲಿ ಕಲಿತವರು ಆಟವನ್ನು ದೂರದೂರಕ್ಕೆ ಒಯ್ದರು. ಸ್ಪ್ರಿಂಗ್‌ಫೀಲ್ಡಿನ ಪದವೀಧರರಾದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1934ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಈ ಆಟವನ್ನು ಪುರುಷರಿಗಾಗಿ ಬರಮಾಡಿಕೊಂಡಾಗ, ತರಬೇತುದಾರರ ಸಂಘ ಕೂಡಿಸಿದ ಹಣದಿಂದ ವೃದ್ಧ ನೈಸ್ಮಿತರು ಅಲ್ಲಿಗೆ ಪ್ರಯಾಣ ಬೆಳೆಸಿದರು. ಅಂತಿಮ ಪಂದ್ಯವು ತೆರೆದ ಅಂಕಣದಲ್ಲಿ, ಸುರಿಯುವ ಮಳೆಯಲ್ಲಿ ನಡೆಯಿತು. ಅವರ ಜನ್ಮಭೂಮಿಯಾದ ಕೆನಡಾವನ್ನು ಅಮೆರಿಕವು 19–8ರಿಂದ ಸೋಲಿಸಿತು.

ಮರುವರ್ಷ ಎಮಿಲ್ ಲಿಸ್ಟನ್ ಮೊದಲಾದವರೊಡನೆ ಸೇರಿ ನೈಸ್ಮಿತರು ಕ್ಯಾನ್ಸಸ್ ಸಿಟಿಯಲ್ಲಿ ಸಣ್ಣ ಕಾಲೇಜುಗಳ ತಂಡಗಳಿಗಾಗಿ ಪಂದ್ಯಾವಳಿಯನ್ನು ಆರಂಭಿಸಿದರು. ಮೊದಲ ವರ್ಷ ಎಂಟು ತಂಡಗಳು, 1938ರಲ್ಲಿ 32. 1939ರ ನವೆಂಬರ್ 28ರಂದು ನೈಸ್ಮಿತರು ಲಾರೆನ್ಸ್ ನಗರದಲ್ಲಿ ನಿಧನ ಹೊಂದಿದರು. ಆಟದ ಹುಟ್ಟನ್ನು ಕುರಿತು ಅವರು ಬರೆದ ಪುಸ್ತಕವು 1941ರಲ್ಲಿ ಅಚ್ಚಾಯಿತು. ಬಾಗಿಲಲ್ಲಿ ನಿಂತು ಕೇಳಿದ ಅಧ್ಯಾಪಕಿಯರಿಗೆ ಅವರು ಕ್ಷಣಮಾತ್ರದಲ್ಲಿ ಕೊಟ್ಟ ಒಪ್ಪಿಗೆಯನ್ನು ಒಲಿಂಪಿಕ್ಸ್ ಮಹಿಳೆಯರಿಗೆ ಕೊಟ್ಟದ್ದು 1976ರಲ್ಲಿ; ಅವರೇ ಆರಂಭಿಸಿದ ಪಂದ್ಯಾವಳಿಯಿಂದ ಬೆಳೆದ ಸಂಸ್ಥೆಯು ಕಾಲೇಜು ವಿದ್ಯಾರ್ಥಿನಿಯರಿಗೆ ಸ್ಪರ್ಧೆಯನ್ನು ತೆರೆದದ್ದು 1981ರಲ್ಲಿ.